‘ತಿಳೀತ್ರಿ ಮೇಡಮ್’: ಕಲಬುರಗಿ ವಿಭಾಗದ ಶಿಕ್ಷಣ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕಲಬುರಗಿ ವಿಭಾಗದ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಿಗೆ, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಉಪನಿರ್ದೇಶಕರಿಗೆ, ಬಿಇಒ ಸಾಹೇಬರಿಗೆ, ನನ್ನ ಹಾಗೆ ಸೀಮೆಸುಣ್ಣ ಹಿಡಿದು ಬದುಕಿದ ಎಲ್ಲರಿಗೆ,

ನಮಸ್ಕಾರ.

ನಾನು ಕಲಬುರಗಿ ಮತ್ತು ಯಾದಗಿರಿ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು. ಸರ್ವಿಸಿನಲ್ಲಿದ್ದಾಗ ಈ ಪತ್ರ ಬರೆಯುವ ಧೈರ್ಯ ನನಗಿರಲಿಲ್ಲ. ಬರೆದಿದ್ದರೆ ಕಾರಣ ಕೇಳಿ ಒಂದು ನೋಟಿಸ್ ಬರುತ್ತಿತ್ತು. ಈಗ ಪೆನ್ಷನ್ ಶುರುವಾಗಿದೆ, ಮೊಮ್ಮಗ ಮಧ್ಯಾಹ್ನ ಎರಡು ತಾಸು ಮಲಗುತ್ತಾನೆ. ಆ ಎರಡು ತಾಸಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿಮಗೆಲ್ಲ ಚೆನ್ನಾಗಿ ಗೊತ್ತಿರುವ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. ಟೀಚರ್ ಬೋರ್ಡ್ ತುಂಬ ಲೆಕ್ಕ ಬಿಡಿಸುತ್ತಾರೆ. ಕೈಯ ಧೂಳು ಕೊಡವಿ ಹಿಂದಕ್ಕೆ ತಿರುಗುತ್ತಾರೆ. “ತಿಳೀತೇನ್ರಪಾ?” ಅಂತ ಕೇಳುತ್ತಾರೆ. ಅರವತ್ತು ಮಕ್ಕಳು ಒಂದೇ ರಾಗದಲ್ಲಿ “ತಿಳೀತ್ರೀ ಮೇಡಮ್” ಅನ್ನುತ್ತಾರೆ. ಬೆಳಿಗ್ಗೆ “ನಮಸ್ತೇ ಮೇಡಮ್” ಹೇಳುವ ರಾಗವೂ ಅದೇ. ಗುಟ್ಟು ಆ ರಾಗದಲ್ಲೇ ಇದೆ. ನಿಜವಾಗಿ ತಿಳಿದವರು ಹಾಗೆ ಒಟ್ಟಿಗೆ ಹಾಡುವುದಿಲ್ಲ. ಒಬ್ಬ ತಲೆ ಆಡಿಸುತ್ತಾನೆ, ಒಬ್ಬಳು “ಹಾಂ” ಅನ್ನುತ್ತಾಳೆ, ಇನ್ನೊಬ್ಬ ಮುಂದಿನ ಲೆಕ್ಕಕ್ಕೆ ಕೈ ಹಾಕಿರುತ್ತಾನೆ.

ನಾನು ಈ ಹಾಡನ್ನು ಮೂವತ್ತು ವರ್ಷ ಕೇಳಿದ್ದೇನೆ. ಅದಕ್ಕೂ ಮೊದಲು ಬೆಂಚಿನ ಮೇಲೆ ಕೂತು ನಾನೇ ಹಾಡಿದ್ದೇನೆ.

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ. ಅಪ್ಪ ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಒಳ್ಳೆಯ ಮಾರ್ಕ್ಸ್ ಬಂತು ಅಂತ ಪಿಯುಸಿ ಸೈನ್ಸಿಗೆ ಕಲಬುರಗಿಯ ಒಂದು ಕಾಲೇಜಿಗೆ ಹಾಕಿದರು. ಆಗಿನ್ನೂ ಎಲ್ಲರ ಬಾಯಲ್ಲೂ ಗುಲ್ಬರ್ಗಾ. ಅಲ್ಲಿ ಫಿಸಿಕ್ಸ್ ಲೆಕ್ಚರರ್ ಇಂಗ್ಲಿಷಿನಲ್ಲಿ ‘ವೆಲಾಸಿಟಿ, ವೆಲಾಸಿಟಿ’ ಅನ್ನುತ್ತಿದ್ದರು. ಇದ್ಯಾವುದೋ ಹೊಸ ವಸ್ತು ಅಂತ ನಾನು ತಿಳಿದಿದ್ದೆ. ಅದು ನಾವು ಹಿಂದೆ ಓದಿದ ‘ವೇಗ’ವೇ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಒಂದೇ ಒಂದು ಸಾರಿ ಎದ್ದು ನಿಂತು “ಹಂಗಂದ್ರೇನ್ರಿ ಸರ್” ಅಂದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಏಳಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಾಸ್ಟೆಲ್ ಹುಡುಗಿ ಸರಸರ ಬರೆದುಕೊಳ್ಳುತ್ತಿದ್ದಳು. ಅವಳಿಗೆಲ್ಲ ತಿಳಿಯುತ್ತದೆ, ನಾನೊಬ್ಬಳೇ ದಡ್ಡಿ ಅಂದುಕೊಂಡಿದ್ದೆ. ಸೆಕೆಂಡ್ ಪಿಯುಸಿ ಫಿಸಿಕ್ಸಿನಲ್ಲಿ ಇಬ್ಬರೂ ಫೇಲಾದೆವು. ರಿಸಲ್ಟ್ ಬೋರ್ಡಿನ ಮುಂದೆ ಅತ್ತು ಸುಸ್ತಾದ ಮೇಲೆ ಅವಳು ಹೇಳಿದಳು: “ನೀ ಬರಕೋತಿದ್ದಿ ಅಂತ ನಾ ಬರಕೋತಿದ್ನೇ.”

ಕ್ಲಾಸಿನಲ್ಲಿ ಆಗುವುದು ಇಷ್ಟೇ. ಒಬ್ಬರ ಮೌನವನ್ನು ನೋಡಿ ಇನ್ನೊಬ್ಬರು ಸುಮ್ಮನಾಗುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಅಂತ ಮೇಡಮ್ ಮುಂದಿನ ಪಾಠಕ್ಕೆ ಹೋಗುತ್ತಾರೆ.

ಇಷ್ಟು ಅನುಭವಿಸಿದವಳು ನಾನು ಟೀಚರ್ ಆದ ಮೇಲೆ ಸುಧಾರಿಸಿದೆನಾ? ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಟನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. “ಮೇಡಮ್ರಿ, ಮೈನಸ್ಸಿಗಿ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗ್ತದ್ರಿ?” ಅಂದ. ನಾನು “ರೂಲ್ ಹಂಗ ಅದ. ಬಾಯಿಪಾಠ ಮಾಡು, ಕೂಡು” ಅಂದೆ. ಅಷ್ಟಕ್ಕೇ ಬಿಡಲಿಲ್ಲ. “ಇಷ್ಟೊತ್ತು ಏನ್ ದನ ಕಾಯಲಕತ್ತಿದ್ದಿ?” ಅಂತಲೂ ಸೇರಿಸಿದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಅವನು ಕೂತ. ಆಮೇಲೆ ನನ್ನ ಪೀರಿಯಡ್‌ನಲ್ಲಿ ಅವನ ದನಿ ನಾನು ಕೇಳಲೇ ಇಲ್ಲ. ಅವನು ಮನೆಯಲ್ಲಿ ನಿಜವಾಗಿ ದನ ಕಾಯುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಒಂಬತ್ತು ಮುಗಿಸಿ ಅಪ್ಪ ಅಮ್ಮನ ಜೊತೆ ಪುಣೆಗೆ ದುಡಿಯಲು ಹೋದ. ನನ್ನ ಒಂದು ಮಾತಿಂದ ಹೋದ ಅನ್ನಲಾರೆ, ಅವರ ಮನೆಯ ಕಷ್ಟ ಬೇರೆಯೇ ಇತ್ತು. ಆದರೆ ಆ ಪ್ರಶ್ನೆಗೆ ಆ ದಿನ ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕಂದರೆ ಅದೇ. ಟೀಚರ್ ಸಿಟ್ಟಿನ ಹಿಂದೆ ಎಷ್ಟೋ ಸಾರಿ ಇರುವುದು ಇದೇ ಹೆದರಿಕೆ: ನನಗೂ ಗೊತ್ತಿಲ್ಲ ಅಂತ ಇವರಿಗೆ ಗೊತ್ತಾದರೆ?

ಉತ್ತರ ಸಿಕ್ಕಿದ್ದು ಬಹಳ ವರ್ಷ ಆದ ಮೇಲೆ, ಒಂದು ಕಿರಾಣಿ ಅಂಗಡಿಯಲ್ಲಿ. ಅಂಗಡಿಯವರು ಯಾರದೋ ಉದ್ರಿ ಪುಸ್ತಕ ತಿರುವುತ್ತಿದ್ದರು. ದಿನಾ 50 ರೂಪಾಯಿ ಉದ್ರಿ ಏರುತ್ತಿದ್ದರೆ ಅದು ಮೈನಸ್ 50. ಮೂರು ದಿನ ಮುಂದೆ ಹೋದರೆ ಇನ್ನೂ 150 ಸಾಲ, ಅಂದರೆ ಮೈನಸ್ 150. ಸರಿ, ಮೂರು ದಿನ ಹಿಂದಕ್ಕೆ ಹೋಗಿ. ಹಿಂದೆ ಅಂದರೆ ಮೈನಸ್ 3. ಆ ಮನುಷ್ಯ ಇವತ್ತಿಗಿಂತ 150 ರೂಪಾಯಿ ಅನುಕೂಲವಾಗಿದ್ದ. ಪ್ಲಸ್ 150! ಇಷ್ಟೇ. ಅಂಗಡಿಯಲ್ಲಿ ನಿಂತೇ ನಗು ಬಂತು, ಹಿಂದೆಯೇ ಆ ಹುಡುಗನ ನೆನಪೂ ಬಂತು. ಉದ್ರಿ ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಕ್ಕಳು ಹುಟ್ಟುತ್ತಲೇ ಬಾಯಿ ಮುಚ್ಚಿಕೊಂಡು ಬರುವುದಿಲ್ಲ. ನಾಲ್ಕು ವರ್ಷದ ಕೂಸು ‘ಯಾಕ, ಯಾಕ’ ಅಂತ ತಲೆ ತಿನ್ನುತ್ತದೆ. ಮೌನವನ್ನು ನಾವೇ ಕಲಿಸುತ್ತೇವೆ, ಒಂದನೇ ಕ್ಲಾಸಿನಿಂದಲೇ. ಸರ್ ಆಫೀಸಿಗೆ ಹೋದಾಗ ಮಾನಿಟರ್ ಬೋರ್ಡಿನ ಮೂಲೆಯಲ್ಲಿ ‘ಮಾತಾಡುವವರ ಹೆಸರು’ ಅಂತ ಬರೆಯುತ್ತಾನೆ. ಅಲ್ಲಿ ಹೆಸರು ಬಂದವರಿಗೆ ಏಟು. ಅದರ ಮೇಲೆ ಗೋಡೆಗೆ ಪೇಂಟಿನಲ್ಲಿ ‘ಮಾತು ಬೆಳ್ಳಿ, ಮೌನ ಬಂಗಾರ’. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆಯೂ ನಮ್ಮದೇ. ಅದನ್ನು ಯಾವ ಶಾಲೆಯ ಗೋಡೆಯ ಮೇಲೂ ನಾನು ನೋಡಿಲ್ಲ. ಪಾಲಕರ ಸಭೆಗೆ ಬಂದ ಅಪ್ಪ ಅಮ್ಮ “ಹೊಡೀರಿ ಮೇಡಮ್, ನಾವೇನೂ ಅನ್ನಂಗಿಲ್ಲ” ಅಂತ ನಮಗೆ ಲೈಸೆನ್ಸ್ ಕೊಟ್ಟು ಹೋಗುತ್ತಾರೆ. ಅವರು ಪಾಪ, ಬ್ಯಾಂಕಿನಲ್ಲಿ ಕಾಗದ ಮುಂದಿಟ್ಟರೆ ಇದು ಏನು ಅಂತ ಕೇಳದೆ ಹೆಬ್ಬೆಟ್ಟು ಒತ್ತಿ ಬರುವ ಜನ.

ಹುಡುಗಿಯರಿಗೆ ಇನ್ನೂ ಕಷ್ಟ. ಜೋರಾಗಿ ಮಾತಾಡಿದರೆ ಮನೆಯಲ್ಲಿ ಬೈಗುಳ, ಮೆಲ್ಲಗೆ ಮಾತಾಡಿದರೆ ಕ್ಲಾಸಿನಲ್ಲಿ “ಕೇಳಸವಲ್ದು, ಜೋರಾಗಿ ಹೇಳು” ಅಂತ ಇನ್ನೊಂದು ಬೈಗುಳ. ಇನ್ನು ಕೆಲವು ಮಕ್ಕಳು ಯಾವ ಓಣಿಯಿಂದ ಬರುತ್ತಾರೆ ಅನ್ನುವುದೇ ಅವರ ಬಾಯಿ ಮುಚ್ಚಿಸಿರುತ್ತದೆ. ನಮಗೆಲ್ಲ ಗೊತ್ತು ಅದು. ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ ಅಷ್ಟೇ.

ಅಡ್ಡಹೆಸರಿನ ಕಾಟ ಬೇರೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಬೆಳಕಿನ ಪಾಠದಲ್ಲಿ ಸೈನ್ಸ್ ಸರ್‌ಗೆ “ನಿಮ್ನ ಅಂದ್ರೇನ್ರಿ?” ಅಂತ ಕೇಳಿದ್ದ. ಪುಸ್ತಕದಲ್ಲಿ ‘ನಿಮ್ನ ದರ್ಪಣ’ ಅಂತ ಇತ್ತು. ಅವತ್ತಿಂದ ಅವನ ಹೆಸರೇ ನಿಮ್ನ ಆಯಿತು. ಹತ್ತು ಮುಗಿಯುವವರೆಗೂ ನಿಮ್ನ. ಅವನು ಕೇಳಿದ್ದು ಎಷ್ಟು ಸರಿ ನೋಡಿ! ನಿಮ್ನ ಅನ್ನುವ ಮಾತು ನಮ್ಮ ಯಾವ ಹೊಲದಲ್ಲಿ, ಯಾವ ಸಂತೆಯಲ್ಲಿ ಕೇಳಿದ್ದೇವೆ? ಸ್ಟೀಲಿನ ಚಮಚ ತೋರಿಸಿ, ಒಳಗೆ ತಗ್ಗಿರುವ ಕಡೆ ನಿಮ್ನ, ಹೊರಗೆ ಉಬ್ಬಿದ ಕಡೆ ಪೀನ ಅಂದರೆ ಮುಗಿಯಿತು. ತಗ್ಗಿನ ಕಡೆ ದೂರದಿಂದ ನೋಡಿದರೆ ನಿನ್ನ ಮುಖ ತಲೆಕೆಳಗಾಗಿ ಕಾಣುತ್ತದೆ ಅಂತ ಹೇಳಿದರೆ ಬಿಸಿಯೂಟದ ಹೊತ್ತಿಗೆ ಇಡೀ ಶಾಲೆ ಚಮಚ ಹಿಡಿದು ಕೂರುತ್ತದೆ.

ಭಾಷೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಗದ ಕನ್ನಡ ಶಾಲೆ ಅಂದರೆ ಬರೀ ಕನ್ನಡದ ಮಕ್ಕಳ ಶಾಲೆ ಅಂತ ಬೆಂಗಳೂರಿನಲ್ಲಿ ಕೂತವರು ತಿಳಿದಿರಬಹುದು. ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು. ಔರಾದ್, ಭಾಲ್ಕಿ ಕಡೆ ಮರಾಠಿ. ಕಲಬುರಗಿ ಊರಲ್ಲಿ ಉರ್ದು, ದಖ್ಖನಿ. ತಾಂಡಾಗಳಲ್ಲಿ ಲಂಬಾಣಿ. ಈ ಮಕ್ಕಳು ಉತ್ತರವನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಪ್ರಶ್ನೆಯನ್ನು ಬಾಯಿಪಾಠ ಮಾಡಲು ಆಗುವುದಿಲ್ಲ, ಅಲ್ವಾ? ಅದು ಆ ಗಳಿಗೆಯಲ್ಲಿ ಹುಟ್ಟಬೇಕು, ಹುಟ್ಟುವುದು ಮನೆಮಾತಿನಲ್ಲಿ. ಅದನ್ನು ಕನ್ನಡಕ್ಕೆ ತಂದು, ತಪ್ಪಾದರೆ ನಗುತ್ತಾರೇನೋ ಅಂತ ಲೆಕ್ಕ ಹಾಕುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಹತ್ತಿ ಬಿಡಿಸುವ ಕಾಲದಲ್ಲಿ ಶಹಾಪುರ, ಸುರಪುರ ಕಡೆ ಕ್ಲಾಸು ಅರ್ಧ ಖಾಲಿಯಾಗುತ್ತದೆ. ಗುಳೆ ಹೋದವರ ಮಕ್ಕಳು ತಿಂಗಳುಗಟ್ಟಲೆ ಕಾಣುವುದಿಲ್ಲ. ವಾಪಸ್ ಬಂದ ಮಗುವಿಗೆ ಒಂದು ಸಾಲಲ್ಲ, ಮೂರು ಪಾಠ ತಿಳಿದಿರುವುದಿಲ್ಲ. ಎಲ್ಲಿಂದ ಕೇಳಬೇಕು ಅಂತಲೇ ಗೊತ್ತಿಲ್ಲದವರು ಏನು ಕೇಳಿಯಾರು? ಸುಮ್ನೆ “ತಿಳೀತ್ರಿ” ಅನ್ನುವುದು ಸುಲಭ.

ಒಂದು ವರ್ಷ ಮಕ್ಕಳನ್ನು ಬೀದರ್‌ಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕೋಟೆ ನೋಡಿ ಮಹಮೂದ್ ಗಾವಾನನ ಮದರಸಾಕ್ಕೆ ಬಂದೆವು. ಪರ್ಷಿಯಾದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮನುಷ್ಯ 1472ರಲ್ಲಿ ಕಟ್ಟಿಸಿದ ದೊಡ್ಡ ವಿದ್ಯಾಲಯ ಅದು. ಒಳಗೇ ಮಸೀದಿ, ಗ್ರಂಥಾಲಯ, ಪಾಠದ ಹಾಲ್‌ಗಳು, ಇರಲು ಕೋಣೆಗಳು. ಮುಂದಿನ ಗೋಡೆಯಲ್ಲಿ ನೀಲಿ ಹೆಂಚಿನ ಅಲಂಕಾರ ಇನ್ನೂ ಅಲ್ಲಲ್ಲಿ ಉಳಿದಿದೆ. ಎರಡು ಮಿನಾರುಗಳಲ್ಲಿ ಒಂದಷ್ಟೇ ನಿಂತಿದೆ. ಮಕ್ಕಳು ಶುರು ಮಾಡಿದರು ನೋಡಿ. ಇನ್ನೊಂದು ಮಿನಾರ್ ಎಲ್ಲಿ? ಮೊಘಲರ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಬಿತ್ತು ಅನ್ನುತ್ತಾರೆ ಅಂತ ಹೇಳಿದೆವು. “ಸಾಲ್ಯಾಗ ಮದ್ದು ಯಾಕ ಇಟ್ಟಿದ್ರಿ?” ಅಂದಳು ಒಬ್ಬಳು. “ಹುಡುಗ್ರಿಗಿ ಸೂಟಿ ಕೊಟ್ಟಿದ್ರೇನ್ರಿ?” ಅಂದ ಇನ್ನೊಬ್ಬ. ಬಣ್ಣ ಐದುನೂರು ವರ್ಷ ಹೇಗೆ ಉಳಿಯಿತು, ಮೇಲಕ್ಕೆ ನೀರು ಹೇಗೆ ಒಯ್ದರು, ಹುಡುಗಿಯರು ಇಲ್ಲಿ ಓದುತ್ತಿದ್ದರಾ? ಸೈನ್ಸ್ ಸರ್ ನೀರು ಕುಡಿಯುವ ನೆಪ ಮಾಡಿ ಬಸ್ಸಿಗೆ ಹೋಗಿ ಕೂತರು.

ಇವರು ಅದೇ ಮಕ್ಕಳು! ವರ್ಷವಿಡೀ ತುಟಿ ಬಿಚ್ಚದವರು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆ ತುಂಬ ಇದೇ. ಅಲ್ಲಿ ಯಾರ ಕೈಯಲ್ಲೂ ಬೆತ್ತ ಇರಲಿಲ್ಲ, ಕೆಂಪು ಪೆನ್ ಇರಲಿಲ್ಲ. ಕೇಳಿದರೆ ಮಾರ್ಕ್ಸ್ ಹೋಗುವುದಿಲ್ಲ. ನಮಗೂ ಉತ್ತರ ಗೊತ್ತಿಲ್ಲ ಅಂತ ಮಕ್ಕಳಿಗೆ ಗೊತ್ತಾಗಿತ್ತು, ಅದರಿಂದ ಅವರಿಗೆ ಖುಷಿಯೇ ಆಗಿತ್ತು. ಪ್ರಶ್ನೆಯ ಬಗ್ಗೆ ಇವರಿಗೆ ಹೆದರಿಕೆ ಇಲ್ಲ, ನನ್ನ ಬಗ್ಗೆ ಇದೆ ಅಂತ ಅವತ್ತು ತಿಳಿಯಿತು.

(ಬೀದರ್ ಜಿಲ್ಲೆ ಅಂದ ಮೇಲೆ ಬಸವಕಲ್ಯಾಣದ ಅನುಭವ ಮಂಟಪದ ಹೆಸರು ಹೇಳದೆ ನಮ್ಮ ಭಾಗದಲ್ಲಿ ಯಾವ ಭಾಷಣವೂ ಮುಗಿಯುವುದಿಲ್ಲ. ಅಲ್ಲಮಪ್ರಭುಗಳು ಅಕ್ಕಮಹಾದೇವಿಗೆ ಎಂಥ ಕಠಿಣ ಪ್ರಶ್ನೆ ಹಾಕಿದರು, ಅಕ್ಕ ಹೇಗೆ ಜಗ್ಗದೆ ಉತ್ತರ ಕೊಟ್ಟರು ಅಂತ ಸ್ಟೇಜ್ ಮೇಲೆ ಹೇಳುತ್ತೇವೆ. ಕೆಳಗೆ ಕೂತ ಹುಡುಗಿ ನಡುವೆ ಏನಾದರೂ ಕೇಳಿದರೆ ಪಿಟಿ ಸರ್ ಕಣ್ಣು ಕೆಕ್ಕರಿಸುತ್ತಾರೆ.)

ಪ್ರವಾಸದಿಂದ ಬಂದ ಮೇಲೆ ಒಂದು ಖಾಲಿ ಡಾಲ್ಡಾ ಡಬ್ಬಿ ಕ್ಲಾಸಿನಲ್ಲಿ ಇಟ್ಟೆ. ತಿಳಿಯದ್ದನ್ನು ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬೇಡ ಅಂದೆ. ಬಹಳ ಜಾಣೆ ಅಂದುಕೊಂಡಿದ್ದೆ. ವಾರದ ಕೊನೆಗೆ ನಾಲ್ಕು ಚೀಟಿ ಬಂದವು. ಒಂದರಲ್ಲಿ ಸಿನಿಮಾ ಹೆಸರು, ಒಂದರಲ್ಲಿ ‘ಫ್ಯಾನ್ ತಿರುಗವಲ್ದು’, ಒಂದರಲ್ಲಿ ‘ನಾಳೆ ಸೂಟಿ ಕೊಡ್ರಿ’. ನಾಲ್ಕನೆಯದರಲ್ಲಿ ನಿಜವಾದ ಪ್ರಶ್ನೆ ಇತ್ತು. ಆದರೆ ಯಾರದು ಅಂತ ಅಕ್ಷರ ನೋಡಿ ಎಲ್ಲರಿಗೂ ಗೊತ್ತಾಗಿ ಅವಳು ಮುಖ ಮುಚ್ಚಿಕೊಂಡಳು. ಡಬ್ಬಿಯ ಕಡೆ ಹೋಗುವುದನ್ನೇ ಎಲ್ಲರೂ ನೋಡುತ್ತಿದ್ದರು. ಹೋದವಳು ದಡ್ಡಿ ಅಂತ ಲೆಕ್ಕ.

ಆಮೇಲೆ ರೂಲ್ ಬದಲಿಸಿದೆ. ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ಹತ್ತು ನಿಮಿಷ ಎಲ್ಲರೂ ಬರೆಯಲೇಬೇಕು. ಫಸ್ಟ್ ರ್‍ಯಾಂಕ್ ಹುಡುಗಿಯೂ ಬರೆಯಬೇಕು. ಒಂದು ಸಾಲು ತಿಳಿದದ್ದು, ಒಂದು ಸಾಲು ತಿಳಿಯದ್ದು. ಖಾಲಿ ಚೀಟಿ ನಡೆಯುವುದಿಲ್ಲ. ಯಾವ ಭಾಷೆಯಲ್ಲಾದರೂ ಬರೆಯಬಹುದು. ತಾಂಡಾದ ಹುಡುಗಿಯೊಬ್ಬಳು ಲಂಬಾಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದಳು. ನನಗೆ ಓದಲು ಬಂತು, ಅರ್ಥ ಆಗಲಿಲ್ಲ. ಅವಳ ಗೆಳತಿ ಅರ್ಥ ಹೇಳಿಕೊಟ್ಟಳು. ತಿಳಿಯದೆ ಕೂರುವುದು ಹೇಗಿರುತ್ತದೆ ಅಂತ ಆ ಒಂದು ನಿಮಿಷ ನನಗೂ ನೆನಪಾಯಿತು.

ಸೋಮವಾರ ಚೀಟಿಗಳನ್ನು ಓದಿದೆ. ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ ಪಾಠ ನಡೆದಿತ್ತು. ಸಾಲಿನ ಎನ್‌ನೇ ಸಂಖ್ಯೆ ಹುಡುಕಲು ‘ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ’ ಅನ್ನುವ ಸೂತ್ರ; ಎ ಮೊದಲ ಸಂಖ್ಯೆ, ಡಿ ನಡುವಿನ ಅಂತರ. ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ಒಂದೇ ಪ್ರಶ್ನೆ: ಎನ್ ಯಾಕಿಲ್ಲ, ಎನ್ ಮೈನಸ್ ಒನ್ ಯಾಕೆ? ನಾನು ಅದನ್ನು ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದೆ. ಯಾರೂ ಕೇಳಿರಲಿಲ್ಲ, ಹಾಗಾಗಿ ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದೆ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದೆ. ನಡುವಿನ ಸಂದು ಎಣಿಸಿರಿ ಅಂದೆ. ಒಂಬತ್ತೇ. ಹತ್ತನೆಯವನ ಹತ್ತಿರ ಹೋಗಲು ಒಂಬತ್ತು ಸಾರಿ ಜಿಗಿಯಬೇಕು. ಮೊದಲನೆಯವನ ಹತ್ತಿರ ನಾವು ನಿಂತೇ ಇದ್ದೇವೆ, ಅದಕ್ಕೆ ಜಿಗಿತ ಬೇಕಿಲ್ಲ. “ಓ, ಇದಾ!” ಅಂದ ಕೊನೆ ಬೆಂಚಿನವನು. ಈ ‘ಓ’ಗೆ ರಾಗ ಇರಲಿಲ್ಲ.

ಸೂತ್ರಕ್ಕಿಂತ ದೊಡ್ಡ ಲಾಭ ಬೇರೆ ಆಯಿತು. ನನ್ನ ಹಾಗೆಯೇ ಇವನಿಗೂ, ಅವಳಿಗೂ ತಿಳಿದಿಲ್ಲ ಅಂತ ಮಕ್ಕಳಿಗೆ ಗೊತ್ತಾಯಿತು. ದೀಪಾವಳಿ ಕಳೆಯುವಷ್ಟರಲ್ಲಿ ಚೀಟಿ ಬಿಟ್ಟು ಬಾಯಲ್ಲೇ ಕೇಳುವವರು ಕೆಲವರು ಬಂದರು. ಕೆಲವರು ಪಕ್ಕದವಳ ಹೆಗಲ ಮೇಲೆ ಬಂದೂಕಿಟ್ಟು “ಇಕಿಗಿ ತಿಳಿದಿಲ್ಲಂತ್ರಿ” ಅನ್ನುತ್ತಿದ್ದರು. ಅದೂ ಆಗಲಿ. ಸುಳ್ಳು ಹೇಳುವುದಿಲ್ಲ, ಆ ವರ್ಷ ರಿಸಲ್ಟ್ ಏಕ್‌ದಂ ಏರಲಿಲ್ಲ. ಸ್ವಲ್ಪ ಏರಿತು. ಪಾಠ ಹಿಂದೆ ಬಿತ್ತು, ಹೆಡ್ ಮಾಸ್ತರರ ಕೈಯಲ್ಲಿ ಬೈಸಿಕೊಂಡೆ.

ನಾನು ಬದಲಿಸಿದ ಇನ್ನೊಂದು ಸಂಗತಿ ಬಹಳ ಸಣ್ಣದು. “ತಿಳೀತಾ?” ಅಂತ ಕೇಳುವುದನ್ನೇ ಬಿಟ್ಟೆ. ಅದಕ್ಕೆ ಹೌದು ಅನ್ನುವುದೊಂದೇ ಮರ್ಯಾದೆಯ ಉತ್ತರ. ಅದರ ಬದಲು “ಯಾವ ಸಾಲಿನ ತನಕ ಬಂದ್ರಿ?” ಅಂತ ಕೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಈ ಸುಮ್ಮನೆ ನಿಲ್ಲುವುದು ಬಹಳ ಕಷ್ಟ ಕಣ್ರಿ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದರು. ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡದವರೂ ಮಾತಾಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳುವುದೂ ಜಾಸ್ತಿಯಾಗುತ್ತದೆ ಅಂತ ಅವರು ಕಂಡರು. ನಮ್ಮ ಮಕ್ಕಳು ಮನೆಮಾತಿನಿಂದ ಕನ್ನಡಕ್ಕೆ ಬರಬೇಕು, ಅದಕ್ಕೆ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ಏಳು, ಎಂಟರ ಹೊತ್ತಿಗೆ ಯಾವುದೋ ಕೈ ಅರ್ಧ ಏಳುತ್ತಿತ್ತು.

ಈ ಪತ್ರವನ್ನು ಮಕ್ಕಳು ಯಾರಾದರೂ ಓದುತ್ತಿದ್ದರೆ ನಿಮಗೊಂದು ಮಾತು. “ಏನೂ ತಿಳೀಲಿಲ್ರಿ” ಅಂತ ಹೇಳಬೇಡಿ. ಟೀಚರ್‌ಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ ಸಿಟ್ಟು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ನೋಡಿ, ಎಲ್ಲಿಯ ತನಕ ಗೊತ್ತಾಯಿತು ಅಂತ. “ಮೂರನೇ ಸಾಲಿನ ತನಕ ಬಂದೀನ್ರಿ, ನಾಲ್ಕರಾಗ ಈ ಎರಡು ಎಲ್ಲಿಂದ ಬಂತ್ರಿ?” ಅಂತ ಕೇಳಿ. ಹೀಗೆ ಕೇಳಿದವರಿಗೆ ಬೈಯುವುದು ಕಷ್ಟ. ಕ್ಲಾಸಿನಲ್ಲಿ ಆಗದಿದ್ದರೆ ವರಾಂಡದಲ್ಲಿ ಕೇಳಿ, ಬಸ್ ಸ್ಟಾಪಿನಲ್ಲಿ ಕೇಳಿ. ಬೈದರೂ ಬೈದ ಮೇಲೆ ನಾವು ಹೇಳಿಕೊಡುತ್ತೇವೆ, ನಮ್ಮ ಜಾತಿಯೇ ಹಾಗೆ. ನಗುವವರು ನಗಲಿ ಅಂತ ನಾನು ಹೇಳಿದಷ್ಟು ಸುಲಭ ಅಲ್ಲ ಅದು, ಗೊತ್ತು. ಅದಕ್ಕೇ ಇಬ್ಬರು ಸೇರಿ ಕೇಳಿ.

ಈಗ ಸಾಹೇಬರೇ, ನಿಮ್ಮ ಕಡೆ ಬರುತ್ತೇನೆ.

ಒಂದು ಶನಿವಾರದ ಚೀಟಿಯಲ್ಲಿ ಯಾರೋ ಬರೆದಿದ್ದರು: ‘ಮೇಡಮ್, ನಿಮಗ ತಿಳೀದಿದ್ರ ನೀವು ಯಾರಿಗಿ ಕೇಳ್ತೀರಿ?’ ಅದನ್ನು ಕ್ಲಾಸಿನಲ್ಲಿ ಓದದೆ ಪರ್ಸಿನಲ್ಲಿ ಇಟ್ಟುಕೊಂಡೆ. ಯಾಕಂದರೆ ನಾನು ಯಾರಿಗೂ ಕೇಳುತ್ತಿರಲಿಲ್ಲ. ತರಬೇತಿಗೆ ಹೋಗುತ್ತೇವೆ. ಸಂಪನ್ಮೂಲ ವ್ಯಕ್ತಿ ಸ್ಲೈಡ್ ಓದುತ್ತಾರೆ. “ಏನಾದ್ರೂ ಡೌಟ್ ಅವೇನ್ರಿ?” ಅನ್ನುತ್ತಾರೆ. ನಲವತ್ತು ಜನ ಟೀಚರ್‌ಗಳು “ಇಲ್ರಿ ಸರ್” ಅನ್ನುತ್ತೇವೆ. ಅದೇ ರಾಗ! ಊಟ ತಡವಾಗುತ್ತದೆ ಅಂತ ಒಂದು ಕಾರಣ, ಇಷ್ಟು ವರ್ಷ ಸರ್ವಿಸ್ ಆಗಿ ಇಷ್ಟೂ ಗೊತ್ತಿಲ್ವಾ ಅಂದಾರು ಅಂತ ಇನ್ನೊಂದು. ರಿಸಲ್ಟ್ ಮೀಟಿಂಗಿನಲ್ಲಿ ಹೆಡ್ ಮಾಸ್ತರರು ಬಿಇಒ ಮುಂದೆ ನಿಂತು “ಆಯ್ತ್ರಿ ಸರ್” ಅನ್ನುತ್ತಾರೆ. ಬಿಇಒ ಸಾಹೇಬರು ತಮಗಿಂತ ಮೇಲಿನವರ ಮುಂದೆ ಅದನ್ನೇ ಅನ್ನುತ್ತಾರೆ. ಕೊನೆ ಬೆಂಚಿನ ಹುಡುಗನ “ತಿಳೀತ್ರಿ” ನಮ್ಮಿಂದಲೇ ಕಲಿತದ್ದು. ಮೇಲೆ ಯಾರೂ ಕೇಳದ ಕಡೆ ಕೆಳಗೆ ಕೂತ ಮಗು ಕೇಳಬೇಕು ಅಂದರೆ ಹೇಗೆ?

2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಶೇಕಡಾ 50.59 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಪರೀಕ್ಷೆ ಕೋಣೆಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು. 2025ರ ಮೊದಲ ಪರೀಕ್ಷೆಯಲ್ಲಿ ಆ ಕೊನೆಯ ಜಾಗ ಕಲಬುರಗಿಗೆ ಬಂತು, ಶೇಕಡಾ 42.43. ಆಗ ಏನಾಗುತ್ತದೆ ಅಂತ ನಿಮಗೂ ಗೊತ್ತು. ನೋಟಿಸ್, ಸ್ಪೆಷಲ್ ಕ್ಲಾಸ್, ಪಾಸಿಂಗ್ ಪ್ಯಾಕೇಜ್. ನಾನೂ ಪಾಸಿಂಗ್ ಪ್ಯಾಕೇಜ್ ಬರೆಸಿದ್ದೇನೆ. ಅದರಿಂದ ಎಷ್ಟೋ ಮಕ್ಕಳು 35 ದಾಟಿದ್ದಾರೆ, ಅದನ್ನು ಹಗುರವಾಗಿ ಮಾತಾಡಲಾರೆ. ಆದರೆ ಅದರಲ್ಲಿ ಪೇಪರಿನ ಪ್ರಶ್ನೆ ಇರುತ್ತದೆ, ಉತ್ತರ ಇರುತ್ತದೆ. ಮಗುವಿನ ಪ್ರಶ್ನೆಗೆ ಜಾಗ ಇಲ್ಲ. ಆರನೇ ಕ್ಲಾಸಿನಲ್ಲಿ ಭಿನ್ನರಾಶಿ ತಿಳಿಯದೆ ಬಾಯಿ ಮುಚ್ಚಿದ ಮಗುವಿಗೆ ಹತ್ತನೇ ಕ್ಲಾಸಿನ ಜನವರಿಯಲ್ಲಿ ಸ್ಪೆಷಲ್ ಕ್ಲಾಸ್ ಇಟ್ಟರೆ ಎಲ್ಲಿಗೆ ಮುಟ್ಟುತ್ತದೆ? ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಕಲಂ ಬಂದ ಮೇಲೆ ಇಲ್ಲಿಗೆ ದುಡ್ಡು ಬಂದಿದೆ, ಕೋಣೆಗಳಾಗಿವೆ, ಕೆಲವು ಕಡೆ ಸ್ಮಾರ್ಟ್ ಕ್ಲಾಸ್ ಪರದೆಯೂ ಬಂದಿದೆ. ಒಳ್ಳೆಯದೇ. ಪರದೆಗೆ “ಇನ್ನೊಂದ್ಸಲ ಹೇಳ್ರಿ” ಅಂತ ಕೇಳಲಿಕ್ಕಾಗುವುದಿಲ್ಲ, ಅದೊಂದೇ ತೊಂದರೆ.

ನಾನು ಹೊಸ ಯೋಜನೆ ಕೇಳುತ್ತಿಲ್ಲ. ಹೆಸರಿಟ್ಟು, ಲೋಗೋ ಮಾಡಿ, ಉದ್ಘಾಟನೆ ಮಾಡಿ, ಫೋಟೋ ಅಪ್‌ಲೋಡ್ ಮಾಡಿ ಅಂತ ದಯವಿಟ್ಟು ಮಾಡಬೇಡಿ. ‘ಪ್ರಶ್ನೆ ಸಪ್ತಾಹ’ ಅಂತ ಸುತ್ತೋಲೆ ಬಂದರೆ ಟೀಚರ್‌ಗಳೇ ಪ್ರಶ್ನೆ ಬರೆದು ಮಕ್ಕಳ ಕೈಯಲ್ಲಿ ಓದಿಸುತ್ತಾರೆ, ನಾನೂ ಅದನ್ನೇ ಮಾಡುತ್ತಿದ್ದೆ. ವಾರಕ್ಕೆ ಒಂದು ಪೀರಿಯಡ್ ಸಿಲಬಸ್ ಲೆಕ್ಕಕ್ಕೆ ಹಿಡಿಯಬೇಡಿ, ತಿಳಿಯದ್ದನ್ನು ಕೇಳಲು ಬಿಡಿ. ಆ ಪೀರಿಯಡ್ಡಿನಿಂದ ಪಾಠ ಹಿಂದೆ ಬಿದ್ದರೆ ಟೀಚರ್‌ಗೆ ನೋಟಿಸ್ ಕೊಡಬೇಡಿ. ‘ಮಾತಾಡುವವರ ಹೆಸರು’ ಬರೆಸುವುದನ್ನು ಮೂರೂ ಜಿಲ್ಲೆಗಳಲ್ಲಿ ನಿಲ್ಲಿಸಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನೆಮಾತಿನಲ್ಲಿ ಕೇಳಿದ ಪ್ರಶ್ನೆಗೆ ಯಾರೂ ಬೈಯಬಾರದು ಅಂತ ಒಂದು ಮಾತು ಬಾಯಲ್ಲೇ ಹೇಳಿ. ತರಬೇತಿಗಳಲ್ಲಿ ನಮ್ಮ ಕೈಗೂ ಚೀಟಿ ಕೊಡಿ. ಗಣಿತದ ಟೀಚರ್ ಇಲ್ಲದ ಕಡೆ ಬೇರೆ ಸಬ್ಜೆಕ್ಟಿನವರನ್ನು ಕೂರಿಸಿದರೆ ಅವರು ಪ್ರಶ್ನೆಗೆ ಹೆದರುವುದು ಸಹಜ, ಆ ಹುದ್ದೆಗಳನ್ನು ತುಂಬಿ. ಇದು ನಿಮ್ಮ ಕೈ ಮೀರಿದ್ದು ಅಂತ ಗೊತ್ತು. ಮೇಲೆ ಕೇಳಿ, ಅಷ್ಟೇ.

ಕಾನೂನು ಬೇಕು ಅಂದರೆ ಅದೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ತಡೆಯುತ್ತದೆ. 29ನೇ ಕಲಂ ಪ್ರಕಾರ ಎಂಟನೇ ಕ್ಲಾಸಿನವರೆಗಿನ ಮಗುವಿಗೆ ಹೆದರಿಕೆ, ಆತಂಕ ಇರಬಾರದು, ತನ್ನ ಅನಿಸಿಕೆ ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು. “ದನ ಕಾಯಲಕತ್ತಿದ್ದಿಯೇನು” ಅಂದ ದಿನ ಈ ಕಾಯ್ದೆ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ನಾನು ಅದನ್ನು ಓದುತ್ತಿದ್ದೆ ಅನ್ನುವ ಭರವಸೆ ನನಗಿಲ್ಲ.

ಕೊನೆಗೆ ಒಂದು ಬಿನ್ನಹ. ನೀವು ಶಾಲೆಗೆ ಭೇಟಿ ಕೊಟ್ಟಾಗ ಬೋರ್ಡ್ ಹತ್ತಿರ ನಿಂತು ಮಕ್ಕಳಿಗೆ ಮಗ್ಗಿ ಕೇಳುತ್ತೀರಿ. ಮುಂದಿನ ಸಾರಿ ಹಾಗೆ ಮಾಡಬೇಡಿ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನನ್ನು ಸರಿಸಿ ಪಕ್ಕದಲ್ಲಿ ಕೂಡಿ. ಜೀಪಿನ ಡ್ರೈವರ್ ಹೊರಗಿರಲಿ, ಹೆಡ್ ಮಾಸ್ತರರೂ ಹೊರಗಿರಲಿ. “ಇವತ್ತು ನಿಂಗ ಏನ್ ತಿಳೀಲಿಲ್ಲಪಾ?” ಅಂತ ಕೇಳಿ. ಅವನು “ಎಲ್ಲಾ ತಿಳೀತ್ರಿ” ಅನ್ನುತ್ತಾನೆ. ಏಳಬೇಡಿ. ಹತ್ತರವರೆಗೆ ಎಣಿಸಿ. ನಾನು ಕಡೆಗೆ ಕಲಿಸಿದ ಶಾಲೆಗೇ ಬರುವುದಾದರೆ, ಮಳೆಗಾಲದಲ್ಲಿ ಆ ಬೆಂಚಿನ ಎಡಗಡೆ ಸೋರುತ್ತದೆ. ಸ್ವಲ್ಪ ಬಲಕ್ಕೆ ಸರಿದು ಕೂಡಿ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ